ಮರಳಿನಡಿಯ ಬಿಸಿ ವಾಯರು

ನಮ್ಮ ಮನೆಯ ಅಟ್ಟದಲ್ಲಿ ಈಗಲೂ ಐದು ಕಂಬಳಿಗಳಿವೆ. ಹುಲಿಯ ಮುಖದವು ಎರಡು, ಗುಲಾಬಿ ಹೂವಿನವು ಮೂರು. ಎಲ್ಲವೂ ಗಲ್ಫಿನಿಂದ ಬಂದವು. ಭಟ್ಕಳದಲ್ಲಿ ಜನವರಿಯಲ್ಲೂ ಫ್ಯಾನು ಹಾಕಿಕೊಂಡು ಮಲಗುವ ನಮಗೆ ಇಷ್ಟು ದಪ್ಪದ ಕಂಬಳಿ ಎಂತಕ್ಕೆ ಎಂದು ತಂದವರೂ ಯೋಚಿಸಲಿಲ್ಲ, ಇಸಕೊಂಡ ನಾವೂ ಕೇಳಲಿಲ್ಲ. ಅಲ್ಲಿ ಅವರು ಎ.ಸಿ. ಕೋಣೆಯಲ್ಲಿ ನಡುಗುತ್ತಾ ಮಲಗುತ್ತಾರೆ. ಊರಿನವರ ನೆನಪಾದಾಗ ಊರಲ್ಲೂ ಹೀಗೇ ಚಳಿಯಾಗುತ್ತಿರಬೇಕು ಅನ್ನಿಸುತ್ತದೋ ಏನೋ, ಕಂಬಳಿ ಕೊಳ್ಳುತ್ತಾರೆ. ನಾವು "ಅಬ್ಬ, ಎಷ್ಟು ಮೆತ್ತಗೆ ಅದೆ!" ಎಂದು ಕೆನ್ನೆಗೆ ತಾಗಿಸಿ ನೋಡಿ ಅಟ್ಟಕ್ಕೆ ಹಾಕುತ್ತೇವೆ.

ನನ್ನ ಗಂಡ ಗಿಡಗಳಿಗೂ ಒಂದು ಕಂಬಳಿ ತಂದರು. ಅದನ್ನು ಮಾತ್ರ ಅಟ್ಟಕ್ಕೆ ಹಾಕಲು ಆಗಲಿಲ್ಲ. ಹಾಕಿದ್ದರೆ ನನ್ನ ಬದುಕು ಬೇರೆ ಆಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ನನ್ನ ತವರು ಕುಮಟೆಯ ಆಚೆ, ಹಿರೇಗುತ್ತಿ. ಓದಿದ್ದು ಹೊನ್ನಾವರದಲ್ಲಿ, ಬಿ.ಎಸ್ಸಿ. ಸಸ್ಯಶಾಸ್ತ್ರದ ಮೇಷ್ಟ್ರು ಒಮ್ಮೆ ನಮ್ಮನ್ನೆಲ್ಲ ಕತಗಾಲದ ಕಡೆಯ ಒಂದು ಹಳ್ಳಕ್ಕೆ ಕರೆದುಕೊಂಡು ಹೋಗಿದ್ದರು. ಮೊಣಕಾಲುದ್ದ ನೀರಲ್ಲಿ, ಬಂಡೆಗಳ ಸಂದಿಯಲ್ಲಿ, ಉದ್ದ ಎಲೆಯ ಒಂದು ಗಿಡ ಹರಿವಿನ ಜೊತೆ ಆಡುತ್ತಾ ನಿಂತಿತ್ತು. ಎಲೆಯ ಅಂಚು ಸೀರೆಯ ನೆರಿಗೆಯ ಹಾಗೆ ಸುರುಳಿ ಸುರುಳಿ. ಮೇಷ್ಟ್ರು ಅದಕ್ಕೊಂದು ಮಾರುದ್ದದ ಲ್ಯಾಟಿನ್ ಹೆಸರು ಹೇಳಿದರು, ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು "ಅದಾ? ಹಳ್ಳದ ಹುಲ್ಲು" ಅಂದಳು. ನಾನು ಎರಡು ಗಡ್ಡೆ ಕಿತ್ತು ಊಟದ ಡಬ್ಬಿಯಲ್ಲಿ ನೀರು ಹಾಕಿ ತಂದೆ. ಗಾಜಿನ ತೊಟ್ಟಿಯಲ್ಲಿ ಅದು ಬದುಕಿತು. ಆಮೇಲೆ ನನಗೆ ಅದೇ ಹುಚ್ಚು ಹಿಡಿಯಿತು.

ಮದುವೆಯಾಗಿ ಭಟ್ಕಳಕ್ಕೆ ಬಂದಾಗ ಚಿನ್ನದ ಜೊತೆಗೆ ಒಂದು ಬಕೆಟ್ ಗಿಡವನ್ನೂ ತಂದವಳು ನಾನೊಬ್ಬಳೇ ಇರಬೇಕು. ಅತ್ತೆ ಮೊದಲು ಬಂದರಿನಲ್ಲಿ ಮೀನು ಕೊಂಡು ಪೇಟೆಯಲ್ಲಿ ಕೂತು ಮಾರಿದವರು. ಮಗ ಗಲ್ಫಿಗೆ ಹೋದ ಮೇಲೆ ಬುಟ್ಟಿ ಕೆಳಗಿಟ್ಟವರು. ನಾನು ಮುಂದಿನ ಕೋಣೆಯಲ್ಲಿ ನಾಲ್ಕಡಿ ಉದ್ದದ ತೊಟ್ಟಿ ಇಟ್ಟಾಗ ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ನಾವು ಮೀನು ತಿಂಬೋರು. ಇವಳು ಮೀನಿನ ಮನೆಯಲ್ಲಿ ಸೊಪ್ಪು ನೆಡ್ತಾಳೆ. ಸಾರಿಗಾದ್ರೂ ಬತ್ತದಾ ಅದು?" ಎಂದು ನೆರೆಮನೆಯವರಿಗೆಲ್ಲ ಹೇಳಿ ನಗಿಸಿದರು. ಆದರೆ ಮಧ್ಯಾಹ್ನ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದುದು ಅದರ ಎದುರೇ.

ತೊಟ್ಟಿಯ ತಳಕ್ಕೆ ನಾನು ಚಿರೆಕಲ್ಲಿನ ಕೆಂಪು ಪುಡಿ ತೊಳೆದು ಹಾಕಿ, ಮೇಲೆ ಶರಾವತಿಯ ದಪ್ಪ ಮರಳು ಹರಡಿದ್ದೆ. ಅಷ್ಟೇ. ಉತ್ತರದ ಕಿಟಕಿಯ ಬೆಳಕು, ಒಂದು ಟ್ಯೂಬ್‌ಲೈಟು. ಬೇಸಗೆಯಲ್ಲಿ ಮೇಲೊಂದು ಒದ್ದೆ ಗೋಣಿ, ಫ್ಯಾನು. ನೀರು ಬಿಸಿಯಾದರೆ ಹಳ್ಳದ ಹುಲ್ಲಿಗೆ ಆಗುವುದಿಲ್ಲ ಎಂಬುದು ಎರಡು ಬೇಸಗೆಯಲ್ಲಿ ಕೆಲವು ಗಿಡ ಕಳೆದುಕೊಂಡು ನಾನು ಕಲಿತ ಪಾಠ.

ನನ್ನ ಗಂಡನಿಗೆ ಅಲ್ಲಿ ದೊಡ್ಡ ಹೋಟೆಲೊಂದರಲ್ಲಿ ಇಲೆಕ್ಟ್ರಿಕ್ ಕೆಲಸ. ಹೋಟೆಲಿನ ಬಾಗಿಲಲ್ಲೇ ಒಂದು ಕೋಣೆಯಷ್ಟು ದೊಡ್ಡ ಗಾಜಿನ ತೊಟ್ಟಿಯಂತೆ, ತುಂಬ ಹಸಿರಂತೆ. ಅದರ ಲೈಟು, ಪಂಪು ಎಲ್ಲ ಇವರ ಸುಪರ್ದಿಗೆ. ನನ್ನ ತೊಟ್ಟಿಯನ್ನು ಮೊದಲ ಸಲ ನೋಡಿದಾಗ ಅವರ ಮುಖ ಅರಳಿದ್ದು ನಾನು ಮರೆತಿಲ್ಲ. ರಜೆ ಮುಗಿದು ಹೊರಡುವ ಮುನ್ನ ಗಾಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೇಳಿದರು: "ಇದನ್ನೇ ದೊಡ್ಡದು ಮಾಡ್ವ. ಮಂಗಳೂರು, ಗೋವಾ ಎಲ್ಲ ಕಡೆ ಅಕ್ವೇರಿಯಂ ಅಂಗಡಿಗೆ ಕೊಡ್ವ. ಇದೊಂದು ನಿಂತ್ರೆ ನಾ ಕ್ಯಾನ್ಸಲ್ ಮಾಡಿ ಬತ್ತೆ."

ಕ್ಯಾನ್ಸಲ್ ಮಾಡಿ ಬರುವುದು ಎಂದರೆ ವೀಸಾ ರದ್ದು ಮಾಡಿ, ಗಂಟುಮೂಟೆ ಕಟ್ಟಿ, ಶಾಶ್ವತವಾಗಿ ಊರಿಗೆ ಬರುವುದು. ನಮ್ಮೂರಿನ ಹೆಂಡತಿಯರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಎರಡು ವರ್ಷಕ್ಕೆ ನಲವತ್ತು ದಿನ ಗಂಡ ಸಿಗುವ ಬದುಕು ಅದು. ಅಂದಿನಿಂದ ಆ ತೊಟ್ಟಿ ಚೆನ್ನಾಗಿರುವುದೂ ಗಂಡ ಮನೆಗೆ ಬರುವುದೂ ನನ್ನ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟವು.

ಮುಂದಿನ ರಜೆ ಎರಡು ಸಾವಿರದನೇ ಇಸವಿಯ ಜನವರಿಯಲ್ಲಿ. ಪೆಟ್ಟಿಗೆ ಬಿಚ್ಚುವುದು ಎಂದರೆ ನಮ್ಮಲ್ಲಿ ಒಂದು ಶಾಸ್ತ್ರವೇ. ಅಕ್ಕಪಕ್ಕದವರೆಲ್ಲ ಬಂದು ಗೋಡೆಗೆ ಒರಗಿ ನಿಲ್ಲುತ್ತಾರೆ. ಸೆಂಟು, ಟಾರ್ಚು, ಹಾಲಿನ ಪುಡಿ ಎಲ್ಲ ಹೊರಬಂದ ಮೇಲೆ, ಟವೆಲಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ ತಂದ ಒಂದು ಡಬ್ಬಿಯನ್ನು ತೆಗೆದರು. ಒಳಗೆ ಬಿಳಿ ರಬ್ಬರಿನ ಹೊದಿಕೆಯ ಉದ್ದ ವಾಯರು, ಒಂದು ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರು. "ಜರ್ಮನಿದು. ಹೋಟೆಲಿನ ತೊಟ್ಟಿಗೂ ಇದೇ," ಅಂದರು. ಗೋಡೆಗೆ ಒರಗಿದ್ದವರೆಲ್ಲ ನೆಟ್ಟಗಾದರು.

ವಾಯರನ್ನು ಹಾವಿನ ಹಾಗೆ ಮಡಿಸಿ ತೊಟ್ಟಿಯ ತಳದಲ್ಲಿ ಹಾಸಿ ಅದರ ಮೇಲೆ ಮರಳು ಹಾಕಬೇಕು. ಕರೆಂಟು ಕೊಟ್ಟರೆ ತಳ ಬೆಚ್ಚಗಾಗುತ್ತದೆ. ಬೆಚ್ಚಗಿನ ನೀರು ಮರಳಿನೊಳಗಿಂದ ಮೆಲ್ಲಗೆ ಮೇಲೇಳುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ, ಬೇರಿಗೆ ಊಟ ಸಿಗುತ್ತದೆ. ಹಾಗೆಂದು ಅದರ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿತ್ತು. ಸುಳ್ಳಲ್ಲ. ಚಳಿ ದೇಶದ ಮನೆಯಲ್ಲಿ, ಎ.ಸಿ.ಯಿಂದ ಮಂಜಾದ ಹೋಟೆಲಿನಲ್ಲಿ ನಿಜವೇ ಇರಬಹುದು. ಆದರೆ ನಮ್ಮ ಭಟ್ಕಳದಲ್ಲಿ ಮೇಲಿನ ನೀರೂ ಬಿಸಿ, ಕೆಳಗಿನ ಮರಳೂ ಬಿಸಿ, ಗಾಜು ಬಿಸಿ, ಗೋಡೆ ಬಿಸಿ. ಅದರಡಿಗೆ ಇನ್ನೊಂದು ಒಲೆ ಹಚ್ಚುವುದೇ?

ನನಗೆ ಅದು ನೋಡಿದ ಕೂಡಲೇ ಗೊತ್ತಾಯಿತು. ಬಾಯಿಗೂ ಬಂತು. ಆದರೆ ಗೋಡೆಗುಂಟ ಅಷ್ಟು ಜನ ನಿಂತಿದ್ದಾರೆ, ಅಷ್ಟು ದೂರದಿಂದ ಕೈಯಲ್ಲೇ ಹಿಡಿದುಕೊಂಡು ತಂದಿದ್ದಾರೆ. ಗಲ್ಫಿನಿಂದ ತಂದ ಸಾಮಾನಿಗೆ "ಇದು ಬೇಡ" ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ತಂದವರು ಊರಲ್ಲಿರುವಷ್ಟು ದಿನ ಅದನ್ನು ಅವರ ಕಣ್ಣೆದುರು ಬಳಸಲೇಬೇಕು. "ಒಳ್ಳೇದಾತು," ಅಂದೆ.

ಮೂರು ವರ್ಷ ಬೇರು ಬಿಟ್ಟ ಗಿಡಗಳನ್ನೆಲ್ಲ ಕಿತ್ತು ಬಕೆಟಿಗೆ ಹಾಕಿದೆವು. ಅವರು ತಳದಲ್ಲಿ ವಾಯರು ಹಾಸಿದರು. ಎಷ್ಟು ನಾಜೂಕಾಗಿ ಹಾಸಿದರು ಅಂದರೆ, ಆ ಬೆರಳುಗಳನ್ನು ನೋಡುತ್ತಾ ನನಗೆ ಇನ್ನಷ್ಟು ಮಾತು ಬಾರದಾಯಿತು. ಜನವರಿಯಾದ್ದರಿಂದ ಗಿಡಗಳು ಹೇಗೋ ತಡೆದುಕೊಂಡವು. ಫೆಬ್ರವರಿಯಲ್ಲಿ ಅವರು ಹೊರಟರು. ಮಾರ್ಚಿನ ಎರಡನೇ ವಾರ ಎಲೆಗಳ ಅಂಚು ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಗಂಜಿಯಾಗತೊಡಗಿದವು. ನಾನು ಸ್ವಿಚ್ಚು ತೆಗೆದು ಕರೆಂಟು ನಿಲ್ಲಿಸಿದೆ.

ಆ ಶುಕ್ರವಾರ ಫೋನು ಬಂತು. ಅವರಿಗೆ ಶುಕ್ರವಾರ ರಜೆ, ನಮಗೆ ಶುಕ್ರವಾರ ಹಬ್ಬ.

"ವಾಯರಿನ ಸ್ವಿಚ್ಚು ಹಾಕಿದ್ಯನೆ?"

ನಾನು ತಡವರಿಸಿದೆ. ಪಕ್ಕದಲ್ಲೇ ಕೂತಿದ್ದ ಅತ್ತೆ ನನ್ನ ಮೊಣಕೈ ಹಿಂಡಿ, ತಲೆಯಲ್ಲಾಡಿಸಿ, ಹೌದು ಅನ್ನು ಎಂದು ಸನ್ನೆ ಮಾಡಿದರು.

"ಹಾಕಿದ್ದೆ," ಅಂದೆ.

ಫೋನು ಇಟ್ಟ ಮೇಲೆ ಅತ್ತೆ ಹೇಳಿದರು: "ದೂರ ಇದ್ದವನಿಗೆ ಎಂತಕ್ಕೆ ತಲೆಬಿಸಿ ಕೊಡ್ತೆ ಮಾರಾಯ್ತಿ? ಅಲ್ಲಿ ಅವ ಒಬ್ಬನೇ ಕೂತು ಬೇಜಾರು ಮಾಡ್ಕಂತ. ಎಲ್ಲ ಆರಾಮ ಅಂದ್ರೆ ಆತು."

ಇದು ಅವರೊಬ್ಬರ ಬುದ್ಧಿಯಲ್ಲ. ಗಲ್ಫಿಗೆ ಗಂಡಸರನ್ನು ಕಳಿಸಿದ ಮನೆಗಳಲ್ಲೆಲ್ಲ ಇದೇ ನಡೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗಲೂ ಮಗನಿಗೆ ಹೇಳಿದ್ದು ಪಟ್ಟಿ ಬಿಚ್ಚಿದ ಮೇಲೆ. ಮಳೆಗೆ ಹಿಂದಿನ ಗೋಡೆ ಕುಸಿದಾಗ ಹೇಳಲೇ ಇಲ್ಲ. ಹೊಸದು ಕಟ್ಟಿಸಿ ಬಣ್ಣ ಬಳಿಸಿದೆವು. ಫೋನಿನಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರೂ ಅಳುವುದಿಲ್ಲ. ಅದನ್ನು ನಾವು ಪ್ರೀತಿ ಅಂತಲೇ ತಿಳಿದಿದ್ದೆವು. ಸುಡ್ಲಿ ಅಂಥ ಪ್ರೀತಿ.

ಮಳೆ ಹಿಡಿದ ಮೇಲೆ ಗಿಡಗಳು ಎದ್ದವು ನೋಡಿ! ಗಡ್ಡೆಗಳಿಂದ ಹೊಸ ಚಿಗುರು, ಶ್ರಾವಣಕ್ಕೆ ಗಾಜು ಕಾಣದಷ್ಟು ಎಲೆ. ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸಿ ಟಪಾಲಿನಲ್ಲಿ ಕಳಿಸಿದೆ. ತೊಟ್ಟಿಯ ಪಕ್ಕ ಟ್ರಾನ್ಸ್‌ಫಾರ್ಮರು ಕಾಣುವ ಹಾಗೆಯೇ ನಿಂತಿತ್ತು. ಅದರ ಮೇಲೆ ಅತ್ತೆ ತಮ್ಮ ಎಲೆಯಡಿಕೆಯ ತಟ್ಟೆ ಇಡುತ್ತಿದ್ದರು; ಫೋಟೋಕ್ಕೆಂದು ತಟ್ಟೆ ಮಾತ್ರ ಎತ್ತಿದೆವು.

ಫೋಟೋ ಸಿಕ್ಕಿದ ಶುಕ್ರವಾರ ಅವರ ದನಿಯೇ ಬೇರೆ. "ಎಂತ ಗಿಡ ಮಾರಾಯ್ತಿ ಅದು! ಇಲ್ಲಿ ಎಲ್ಲರಿಗೂ ತೋರ್ಸಿದೆ. ನಾ ಹೇಳಿದ್ನಲಾ, ವಾಯರು ಬಿದ್ರೆ ಸಾಕು ಅಂತ?"

"ಹೌದು," ಅಂದೆ. ಅವರ ಖುಷಿ ಕೇಳಿ ನನಗೂ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಗಿಡದ ಹೆಸರು ವಾಯರಿಗೆ ಹೋಯಿತೆಂಬ ಉರಿಯೂ ಒಳಗಿತ್ತು. ಇರಲಿ, ಬರಲಿ ಮೊದಲು, ಬಂದ ಮೇಲೆ ಎದುರು ಕೂತು ನಗುನಗುತ್ತಾ ಹೇಳಿದರಾಯಿತು ಎಂದುಕೊಂಡೆ. ಎರಡು ವರ್ಷ, ಪ್ರತಿ ಶುಕ್ರವಾರ, ಅದೇ ಪ್ರಶ್ನೆ. ಅದೇ ಉತ್ತರ.

ಎರಡು ಸಾವಿರದ ಎರಡರ ಏಪ್ರಿಲಿನಲ್ಲಿ ಅವರು ಕ್ಯಾನ್ಸಲ್ ಮಾಡಿ ಬಂದರು.

ಜೊತೆಗೆ ಎಂಟು ವಾಯರು, ಎಂಟು ಟ್ರಾನ್ಸ್‌ಫಾರ್ಮರು. ಮಂಗಳೂರಿನ ವಿಮಾನ ನಿಲ್ದಾಣದಿಂದ ಮನೆವರೆಗೂ ಆ ಪೆಟ್ಟಿಗೆಯನ್ನು ಕಾರಿನ ಹಿಂದೆ ಹಾಕಲು ಬಿಡದೆ ಕಾಲಬುಡದಲ್ಲೇ ಇಟ್ಟುಕೊಂಡಿದ್ದರಂತೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಂಡ ಮನೆಗೆ ಬಂದರು ಎಂದು ಎದೆ ಕುಣಿಯಿತು. ಆ ಪೆಟ್ಟಿಗೆ ಕಂಡು ಅದೇ ಎದೆ ಕುಸಿಯಿತು.

ಅವರು ಬರುವ ಮುನ್ನ ಮನೆಯ ತೊಟ್ಟಿಯ ಸ್ವಿಚ್ಚು ಹಾಕಿ, ಅತ್ತೆಯ ತಟ್ಟೆ ಎತ್ತಿಟ್ಟಿದ್ದೆ. ಆವತ್ತೇ ಹೇಳಬೇಕಿತ್ತು. ನೆಂಟರು ಬಂದಿದ್ದರು, ಹೇಳಲಿಲ್ಲ. ಮರುದಿನ ಹೇಳಬೇಕಿತ್ತು. ಮರುದಿನ ಅವರು ಹೊನ್ನಾವರದಲ್ಲಿ ಜಾಗ ನೋಡಲು ಹೋದರು. ಸಂಜೆ ಬಂದು, "ಹೊಳೆ ಹತ್ರ ಒಂದು ಹಳೇ ಗೋದಾಮು ಸಿಕ್ತು, ನೀನು ಓದಿದ ಊರು, ನಿಂಗೂ ಖುಷಿ ಅಲ್ದಾ?" ಅಂದರು. ಆ ಮುಖಕ್ಕೆ ಹೇಗೆ ಹೇಳಲಿ? ನನಗೆ ಹೇಡಿತನವೋ, ಆಸೆಯೋ, ಎರಡೂ ಇದ್ದವು. ದಿನ ದಾಟಿದಷ್ಟೂ ಬಾಯಿ ಕಟ್ಟುತ್ತಾ ಹೋಯಿತು. ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ: ಈ ಸಲ ಮಳೆ ಬೇಗ ಹಿಡಿದರೆ? ಕರೆಂಟು ದಿನಾ ಹೋಗುತ್ತಿದ್ದರೆ? ಆ ದಿನಗಳಲ್ಲಿ ಇಡೀ ಜಿಲ್ಲೆಯಲ್ಲಿ ಕರೆಂಟು ಹೋಗಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನೊಬ್ಬಳೇ.

ಎಂಟು ತೊಟ್ಟಿ ಬಂದವು. ಎಂಟರ ತಳಕ್ಕೂ ವಾಯರು ಹಾಸಿದರು. ಮನೆಯ ತೊಟ್ಟಿಯನ್ನು ಬರಿದು ಮಾಡಿ, ನಾಲ್ಕೈದು ವರ್ಷ ಬೆಳೆಸಿದ ಗಡ್ಡೆಗಳನ್ನೆಲ್ಲ ಬಿಡಿಸಿ, ಗೋದಾಮಿನಲ್ಲಿ ನನ್ನ ಕೈಯಾರೆ ನೆಟ್ಟೆ. ಒಂದು ಗಿಡವನ್ನೂ ಮನೆಯಲ್ಲಿ ಉಳಿಸಲಿಲ್ಲ. "ಎಲ್ಲ ಹಾಕು, ಒಂದನ್ನೂ ಇಟ್ಕಣಬೇಡ" ಎಂದು ಅವರು ಅಂದಾಗ, ಇಟ್ಟುಕೊಂಡರೆ ಅನುಮಾನ ಬಂದೀತು ಎಂಬ ಅಂಜಿಕೆ ನನಗೆ. ಗೋದಾಮಿಗೆ ತಗಡಿನ ಮಾಡು, ಹೊರಗೆ ಮೇ ತಿಂಗಳ ಬಿಸಿಲು. ಅವರು ಎಂಟು ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿದರು, ಕೊನೆಯದನ್ನು ನನ್ನ ಕೈಯಿಂದ ಹಾಕಿಸಿದರು. ನಾನು ಹಾಕಿದೆ.

ಐದನೇ ದಿನ ನೀರು ಕಲಕಿತು. ಎಂಟನೇ ದಿನ ಬಾಗಿಲು ತೆಗೆದರೆ ಕೊಳೆತ ಸೊಪ್ಪಿನ ವಾಸನೆ ಮುಖಕ್ಕೆ ಹೊಡೆಯಿತು. ಎಂಟಕ್ಕೆ ಎಂಟೂ ಹೋಗಿದ್ದವು. ಮರಳಿಗೆ ಕೈಹಾಕಿ ಗಡ್ಡೆ ಕಿತ್ತರೆ ಅದೂ ಬೆಂದ ಗೆಣಸಿನ ಹಾಗೆ ಬೆರಳಲ್ಲಿ ಜಾರಿತು. ಗಡ್ಡೆ ಉಳಿದಿದ್ದರೆ ಮಳೆಗೆ ಚಿಗುರುತ್ತಿತ್ತು. ಉಳಿದಿರಲಿಲ್ಲ.

ಅವರು ತಲೆ ಮೇಲೆ ಕೈಹೊತ್ತು ಕೂತರು. "ಮನೆಲಿ ಎರಡು ವರ್ಷ ಇದೇ ವಾಯರಲ್ಲಿ ಬಂತಲೆ. ಇಲ್ಲಿ ಎಂತ ಆತು? ನೀರಾ? ಮರಳಾ?"

ಇನ್ನು ತಡೆಯಲು ಆಗಲಿಲ್ಲ. "ಮನೆಲಿ ವಾಯರಿಗೆ ಕರೆಂಟು ಕೊಡ್ತಿರಲಿಲ್ಲ," ಅಂದೆ.

"ಎಂತ?"

"ಸ್ವಿಚ್ಚು ತೆಗೆದಿದ್ದೆ. ನೀವು ಹೋದ ಮುಂದಿನ ತಿಂಗಳೇ."

ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡೆ. ಅವರು ಸುಮ್ಮನೆ ಆ ಎಂಟು ತೊಟ್ಟಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನಕ್ಕರು. ಅಂಥ ನಗು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ.

"ಹೋಟೆಲಿನ ತೊಟ್ಟಿ ಹಸಿರು ಹಸಿರು ಅಂತಿದ್ನಲ್ಲ ನಾ, ಅದೂ ಅಲ್ಲಿ ಬೆಳೆದದ್ದಲ್ಲ," ಅಂದರು. "ಹದಿನೈದು ದಿನಕ್ಕೊಂದ್ಸಲ ವಿಮಾನದಲ್ಲಿ ಹೊಸ ಗಿಡ ಬತ್ತಿತ್ತು. ಹಳೇದೆಲ್ಲ ಕೊಳ್ತು ಹೋಗ್ತಿತ್ತು. ಅದನ್ನ ಕರೀ ಚೀಲದಲ್ಲಿ ತುಂಬಿ, ಯಾರಿಗೂ ಕಾಣದ ಹಾಗೆ ಅಡಿಗೆಮನೆ ಬಾಗ್ಲಿಂದ ಹೊರಗೆ ಹಾಕೂದು ನನ್ನ ಕೆಲಸ. ನಂಗೂ ಆ ವಾಯರಿನ ಮೇಲೆ ನಂಬಿಕೆ ಇರಲಿಲ್ಲ. ನಿನ್ನ ಫೋಟೋ ನೋಡಿ ನಂಬಿಕೆ ಬಂತು."

ಆ ಮಾತು ಕೇಳಿ ನಾನೂ ತೊಟ್ಟಿಯ ಪಕ್ಕ ನೆಲದ ಮೇಲೆ ಕೂತೆ. ಅಲ್ಲಿಂದ ಅವರು ಎಲ್ಲ ಹಸಿರು ಅನ್ನುತ್ತಿದ್ದರು, ಇಲ್ಲಿಂದ ನಾನು ಎಲ್ಲ ಆರಾಮ ಅನ್ನುತ್ತಿದ್ದೆ. ಇಬ್ಬರೂ ಒಬ್ಬರ ಸುಳ್ಳನ್ನು ಇನ್ನೊಬ್ಬರು ನಂಬಿ ಅಷ್ಟು ದೂರ ನಡೆದುಬಂದಿದ್ದೆವು.

ಕೊನೆಗೆ ನಾನೇ ಧೈರ್ಯ ಮಾಡಿದೆ. "ವಾಯರು ಕಿತ್ತು ಬಿಸಾಡ್ವ. ಮಳೆ ಹತ್ರ ಬಂತು. ಕತಗಾಲದ ಹಳ್ಳಕ್ಕೆ ಹೋಗಿ ನಾಲ್ಕು ಗಡ್ಡೆ ತರ್ತೆ. ಒಂದೇ ತೊಟ್ಟಿಯಿಂದ ಸುರು ಮಾಡ್ವ. ನಂಗೆ ಬತ್ತದೆ ಈ ಕೆಲಸ."

ಬತ್ತದೆ ಎಂದು ಅವರಿಗೂ ಗೊತ್ತಿತ್ತು. ಅದೇ ತೊಂದರೆಯಾಯಿತೋ ಏನೋ. ಪೇಟೆಯಲ್ಲಿ ಅವರು ವಾಯರಿನ ಮಹಿಮೆ ಹೇಳದ ಅಂಗಡಿಯಿಲ್ಲ. ಈಗ ಅದನ್ನು ಕಿತ್ತು, ಹೆಂಡತಿ ಹಳ್ಳದಿಂದ ತಂದ ಹುಲ್ಲನ್ನು ಬರೀ ಚಿರೆಕಲ್ಲಿನ ಪುಡಿಯಲ್ಲಿ ನೆಟ್ಟರೆ ನಾಲ್ಕು ಜನ ಏನನ್ನುತ್ತಾರೆ? ಅವರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. "ನೋಡ್ವ," ಅಂದರು. ಎರಡು ತಿಂಗಳು ನೋಡ್ವ ನೋಡ್ವ ಅನ್ನುತ್ತಲೇ ಇದ್ದರು. ಆ ಮಳೆಗಾಲವೆಲ್ಲ ನನ್ನ ಗಡ್ಡೆಗಳಿಲ್ಲದ ತೊಟ್ಟಿಯಲ್ಲಿ ಅತ್ತೆ ಹಪ್ಪಳದ ಡಬ್ಬಿಗಳನ್ನಿಟ್ಟರು.

ಹಳೆಯ ಹೋಟೆಲಿನವರೇ ಮತ್ತೆ ವೀಸಾ ಕಳಿಸಿದರು. ನಾಗರಪಂಚಮಿಯ ಮರುದಿನ ಹೊರಟರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಲ್ಲಿ ನನ್ನ ಜೊತೆ ಕೂತು ಬದುಕುವ ಗಿಡ ಬೆಳೆಸುವುದಕ್ಕಿಂತ ಅಲ್ಲಿ ಕೊಳೆತ ಗಿಡ ಹೊರುವುದು ಅವರಿಗೆ ಹಗುರವಾಯಿತಲ್ಲ ಎಂಬ ಸಿಟ್ಟು. ಅದು ಇಂದಿಗೂ ಇಳಿದಿಲ್ಲ. ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ಒಂದು ಶುಕ್ರವಾರ, ಒಂದೇ ಒಂದು ಶುಕ್ರವಾರ, "ಹಾಕಿಲ್ಲ" ಎಂದಿದ್ದರೆ ಸಾಕಿತ್ತು.

ಅವರು ಹೋದ ಮೇಲಿನ ಮೊದಲ ಶುಕ್ರವಾರ ಹೋಟೆಲಿನಿಂದಲೇ ಫೋನು ಬಂತು. ಈ ಸಲ ನಿಜವನ್ನೇ ಹೇಳುವುದೆಂದು ನಿಶ್ಚಯ ಮಾಡಿಕೊಂಡು ಕೂತಿದ್ದೆ. ಅತ್ತೆ ಪಕ್ಕಕ್ಕೆ ಬಂದು ಕೂರುವ ಮುಂಚೆಯೇ ಎತ್ತಿದೆ. ಪ್ರಯಾಣ, ಊಟ, ಮಳೆ ಎಲ್ಲ ಕೇಳಿಯಾಯಿತು.

"ಮತ್ತೆ, ನೀನು ಆರಾಮಾ?"

"ಇಲ್ಲ," ಅಂದೆ. "ನಾ ಆರಾಮಿಲ್ಲ. ನೀವು ಹೋಗಬಾರದಿತ್ತು."

"ಹಲೋ? ಹಲೋ? ಲೈನು ಸರಿ ಇಲ್ಲ ಕಾಣ್ತದೆ," ಅಂದರು ಅವರು. "ಎಂತದೂ ಕೇಳ್ತಿಲ್ಲ. ಎಲ್ಲ ಆರಾಮ ಅಲಾ? ಆತು, ಇಡ್ತೆ."

ಲೈನು ಚೆನ್ನಾಗಿಯೇ ಇತ್ತು. ಅವರ ಹಿಂದೆ ಆ ದೊಡ್ಡ ತೊಟ್ಟಿಯ ಪಂಪಿನಿಂದ ನೀರು ಬೀಳುವ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.